ಫ್ಲಾಪಿಯಿಂದ ಯೂನಿಕೋಡ್‌ವರೆಗೆ: ಒಂದು ಮಾಸಪತ್ರಿಕೆಯ ಹಳೆ ಫೈಲ್‌ಗಳನ್ನು ಹೊರತೆಗೆದ ಕೆಲಸ

ಚಾಮರಾಜಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ 2002ರಿಂದ 2006ರವರೆಗೆ ಒಂದು ಕನ್ನಡ ಮಾಸಪತ್ರಿಕೆ ತಯಾರಾಗುತ್ತಿತ್ತು. ಪತ್ರಿಕೆ ನಿಂತು ಎಷ್ಟೋ ವರ್ಷ ಆಯಿತು. ಅಚ್ಚಾದ ಸಂಚಿಕೆಗಳ ಪೂರ್ತಿ ಸೆಟ್ ಯಾರ ಹತ್ತಿರವೂ ಇಲ್ಲ. ಪ್ರೆಸ್ಸಿನ ಯಜಮಾನರ ಮನೆಯ ಅಟ್ಟದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಮಾತ್ರ ಉಳಿದಿತ್ತು. ಅದರಲ್ಲಿ ಮೂವತ್ತರ ಹತ್ತಿರ ಮೂರೂವರೆ ಇಂಚಿನ ಫ್ಲಾಪಿಗಳು, ಒಂದು ಕಟ್ಟು ಸಿಡಿ, ಐಡಿಇ ಅನ್ನುವ ಹಳೆ ತರದ ಕೇಬಲ್‌ಗೆ ಹಾಕುವ ಒಂದು ಹಾರ್ಡ್ ಡಿಸ್ಕ್. ಈ ಪೆಟ್ಟಿಗೆಯಲ್ಲಿರುವ ಬರಹಗಳನ್ನು ಇವತ್ತಿನ ಫೋನಿನಲ್ಲಿ ಓದುವಂತೆ ಮತ್ತು ಹುಡುಕುವಂತೆ ಮಾಡಬೇಕು. ಇಷ್ಟೇ ಕೆಲಸ.

ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಬೈಟ್‌ಗಳನ್ನು, ಅಂದರೆ ಕಂಪ್ಯೂಟರ್ ಉಳಿಸಿಟ್ಟ ಸಂಖ್ಯೆಗಳನ್ನು, ಹೊರಗೆ ತರುವುದು. ಇನ್ನೊಂದು, ಆ ಬೈಟ್‌ಗಳು ಏನು ಹೇಳುತ್ತಿವೆ ಅಂತ ಕಂಡುಹಿಡಿಯುವುದು. ಮೊದಲನೆಯದಕ್ಕೆ ಎಲ್ಲ ಕಡೆಯೂ ಸಹಾಯ ಸಿಗುತ್ತದೆ. ಫ್ಲಾಪಿ ಯಾವ ದೇಶದಲ್ಲಿದ್ದರೂ ಫ್ಲಾಪಿಯೇ. ಎರಡನೆಯದಕ್ಕೆ ಹೊರಗಿನವರು ಬರುವುದಿಲ್ಲ. ಆ ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರ್ ಒಳಗೆ ಹೇಗೆ ಇಟ್ಟಿದ್ದೆವು ಅಂತ ಗೊತ್ತಿರುವ ನಾವೇ ಮಾಡಬೇಕು. ಅದಕ್ಕೇ ಈ ಟಿಪ್ಪಣಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇಂಥ ಪೆಟ್ಟಿಗೆ ಬೆಂಗಳೂರಿನ ಇನ್ನೂ ಎಷ್ಟೋ ಅಟ್ಟಗಳ ಮೇಲೆ ಇದೆ.

ಫ್ಲಾಪಿಗಳು

ಮೊದಲು ಡ್ರೈವ್ ಬೇಕು. ಯುಎಸ್‌ಬಿ ಫ್ಲಾಪಿ ಡ್ರೈವ್ ಈಗಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಚೆನ್ನಾಗಿರುವ ಫ್ಲಾಪಿಗೆ ಅದು ಸಾಕು. ಆದರೆ ಹಟ ಮಾಡುವ ಫ್ಲಾಪಿಗಳಿಗೆ ಹಳೆ ಕಂಪ್ಯೂಟರ್ ಒಳಗಿರುತ್ತಿದ್ದ 34 ಪಿನ್ ಕೇಬಲ್‌ನ ಡ್ರೈವೇ ಬೇಕು. ಅದಕ್ಕೆ ಎಸ್‌ಪಿ ರಸ್ತೆಗೆ ಹೋದೆ. ಮೊದಲ ಅಂಗಡಿಯವರು, 'ಫ್ಲಾಪಿ ಡ್ರೈವಾ? ಅದೆಲ್ಲ ಗುಜರಿಗೆ ಹೋಗಿ ಎಷ್ಟು ವರ್ಷ ಆಯ್ತು ಸಾರ್' ಅಂದರು. ಆದರೂ ಹುಡುಗನನ್ನು ಕರೆದು ಹಿಂದಿನ ಗಲ್ಲಿಯ ಇನ್ನೊಂದು ಅಂಗಡಿ ತೋರಿಸಿದರು. ಅಲ್ಲಿ ಹಳೆ ಕ್ಯಾಬಿನೆಟ್‌ಗಳಿಂದ ಬಿಚ್ಚಿದ ಡ್ರೈವ್‌ಗಳು ಒಂದು ಬುಟ್ಟಿಯ ತುಂಬ ಇದ್ದವು. ಬೇರೆ ಬೇರೆ ಕಂಪನಿಯ ಎರಡು ತಂದೆ. ಬೇಕೆಂದೇ ಬೇರೆ ಕಂಪನಿಯವು. ಒಂದು ಡ್ರೈವ್‌ನ ಹೆಡ್, ಅಂದರೆ ಓದುವ ಬರೆಯುವ ತುದಿ, ಕೂದಲೆಳೆಯಷ್ಟು ಆಚೀಚೆ ಇದ್ದರೆ, ಅದು ಬರೆದ ಫ್ಲಾಪಿಯನ್ನು ಇನ್ನೊಂದು ಓದಲಾರದು. ಕೈಯಲ್ಲಿ ಎರಡು ಡ್ರೈವ್ ಇದ್ದರೆ ಒಂದರಲ್ಲಿ ಬಾರದ್ದು ಇನ್ನೊಂದರಲ್ಲಿ ಬರುತ್ತದೆ.

ಡ್ರೈವ್‌ಗೆ ಫ್ಲಾಪಿ ಹಾಕುವ ಮುಂಚೆ ಮಾಡಲೇಬೇಕಾದ ಎರಡು ಕೆಲಸಗಳಿವೆ. ಒಂದು, ಮೂಲೆಯ ಸಣ್ಣ ಗುಂಡಿಯನ್ನು ಸರಿಸಿ ತೂತು ತೆರೆದಿರುವಂತೆ ಮಾಡುವುದು. ಮೂರೂವರೆ ಇಂಚಿನ ಫ್ಲಾಪಿಯಲ್ಲಿ ತೂತು ತೆರೆದಿದ್ದರೆ ಅದರ ಮೇಲೆ ಏನೂ ಬರೆಯಲು ಆಗುವುದಿಲ್ಲ. ಎದುರು ಮೂಲೆಯ ತೂತು ಬೇರೆ, ಅದು ಹೈ ಡೆನ್ಸಿಟಿ ಫ್ಲಾಪಿ ಅನ್ನುವ ಗುರುತು. ಎರಡು, ಲೋಹದ ಮುಚ್ಚಳ ಸರಿಸಿ ಒಳಗಿನ ಕಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು. ಅಟ್ಟದ ಮೇಲೆ ಅಷ್ಟೊಂದು ಮಳೆಗಾಲ ಕಳೆದಿರುವ ಫ್ಲಾಪಿಗಳಲ್ಲಿ ಬೂಷ್ಟು ಹಿಡಿದಿರುತ್ತದೆ. ಬಿಳಿ ಚುಕ್ಕೆ ಕಂಡರೆ ಡ್ರೈವ್‌ಗೆ ಹಾಕಬೇಡಿ. ಆ ಬೂಷ್ಟು ಹೆಡ್‌ಗೆ ಮೆತ್ತಿಕೊಂಡು ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಕೆರೆದು ಹಾಕುತ್ತದೆ. ನಾನು ಬೂಷ್ಟಿನವನ್ನು ಬೇರೆ ಇಟ್ಟೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ, ಹಿಂದಿನ ಲೋಹದ ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತಾ, ಎರಡೂ ಬದಿ ಮೆಲ್ಲಗೆ ಒರೆಸಿದೆ. ಪೂರ್ತಿ ಒಣಗಿದ ಮೇಲೆಯೇ ಓದಿಸಿದೆ. ಪ್ರತಿ ಬೂಷ್ಟು ಫ್ಲಾಪಿಯ ನಂತರ ಡ್ರೈವ್ ಹೆಡ್ಡನ್ನೂ ಒರೆಸಿದೆ.

ಓದಿಸುವುದು ಅಂದರೆ ಫೈಲ್ ಕಾಪಿ ಮಾಡುವುದಲ್ಲ. ಇದು ಮುಖ್ಯ. ಫ್ಲಾಪಿ ತೆರೆದು ಒಂದೊಂದೇ ಫೈಲನ್ನು ಎಳೆದರೆ ಅಳಿಸಿದ ಫೈಲ್‌ಗಳು ಹೋಗುತ್ತವೆ, ಕೆಟ್ಟ ಜಾಗ ಎಲ್ಲಿದೆ ಅನ್ನುವ ಲೆಕ್ಕವೂ ಸಿಗುವುದಿಲ್ಲ. ಇಡೀ ಫ್ಲಾಪಿಯನ್ನು ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್‌ವರೆಗೆ ಒಂದೇ ಇಮೇಜ್ ಫೈಲಾಗಿ ತೆಗೆಯಬೇಕು. ಟ್ರ್ಯಾಕ್ ಅಂದರೆ ತಟ್ಟೆಯ ಮೇಲಿನ ಒಂದು ಸುತ್ತು, ಸೆಕ್ಟರ್ ಅಂದರೆ ಆ ಸುತ್ತಿನ ಒಂದು ಪುಟ್ಟ ತುಂಡು, ಇಮೇಜ್ ಅಂದರೆ ಇಡೀ ಫ್ಲಾಪಿಯ ಪಡಿಯಚ್ಚು. ಲೆಕ್ಕ ಸುಲಭ. 80 ಟ್ರ್ಯಾಕ್, 2 ಬದಿ, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಒಟ್ಟು 2880 ಸೆಕ್ಟರ್, 14,74,560 ಬೈಟ್. ಇಮೇಜ್ ಫೈಲಿನ ಅಳತೆ ಇದಕ್ಕಿಂತ ಒಂದು ಬೈಟ್ ಹೆಚ್ಚು ಕಡಿಮೆ ಇದ್ದರೂ ಏನೋ ತಪ್ಪಿದೆ ಅಂತ ಅರ್ಥ. ನಾವೆಲ್ಲ 1.44 ಎಂಬಿ ಅನ್ನುತ್ತಿದ್ದೆವಲ್ಲ, ಆ ಸಂಖ್ಯೆ ಬಂದದ್ದು 1440ನ್ನು 1024ರಿಂದ ಗುಣಿಸಿ. ಅಂದರೆ ಅದು ದಶಮಾಂಶದ ಲೆಕ್ಕವೂ ಅಲ್ಲ, ಎರಡರ ಘಾತದ ಲೆಕ್ಕವೂ ಅಲ್ಲ. ಎರಡನ್ನೂ ಬೆರೆಸಿದ ಒಂದು ಲೆಕ್ಕ.

ಇಮೇಜ್ ತೆಗೆಯಲು ಲಿನಕ್ಸ್‌ನಲ್ಲಿ ಗ್ನೂ ಡಿಡಿರೆಸ್ಕ್ಯೂ ಬಳಸಿದೆ. ಈ ತಂತ್ರಾಂಶದ ಗುಣ ಅಂದರೆ, ಕೆಟ್ಟ ಸೆಕ್ಟರ್ ಸಿಕ್ಕರೆ ಅಲ್ಲೇ ಕೂತು ಒದ್ದಾಡುವುದಿಲ್ಲ. ಸುಲಭವಾಗಿ ಬರುವುದನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ. ಬಾರದ್ದನ್ನು ಒಂದು ಮ್ಯಾಪ್ ಫೈಲಿನಲ್ಲಿ ಗುರುತು ಹಾಕಿ, ಆಮೇಲೆ ಮತ್ತೆ ಹೋಗುತ್ತದೆ. ಅದೇ ಮ್ಯಾಪ್ ಫೈಲ್ ಕೊಟ್ಟು ಬೇರೆ ಡ್ರೈವ್‌ನಲ್ಲಿ ಓಡಿಸಿದರೆ, ಬಿಟ್ಟುಹೋದ ಸೆಕ್ಟರ್‌ಗಳನ್ನಷ್ಟೇ ಹುಡುಕಿ ತುಂಬುತ್ತದೆ. ಹೆಚ್ಚಿನ ಫ್ಲಾಪಿಗಳು ಇಷ್ಟರಲ್ಲೇ ಪೂರ್ತಿ ಬಂದವು.

ಉಳಿದವಕ್ಕೆ ಗ್ರೀಸ್‌ವೀಝಲ್ ಅನ್ನುವ ಸಣ್ಣ ಬೋರ್ಡ್. ಇದು ಮುಕ್ತ ವಿನ್ಯಾಸದ್ದು. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ 34 ಪಿನ್ ಕೇಬಲ್. ಸಾಮಾನ್ಯ ಡ್ರೈವ್ ನಮಗೆ ಸೆಕ್ಟರ್‌ಗಳನ್ನು ಕೊಡುತ್ತದೆ ಅಥವಾ ಕೊಡುವುದಿಲ್ಲ ಅನ್ನುತ್ತದೆ. ಗ್ರೀಸ್‌ವೀಝಲ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಳಿದು, ತಟ್ಟೆಯ ಮೇಲಿನ ಕಾಂತೀಯ ಬದಲಾವಣೆಗಳ ಸಮಯವನ್ನೇ ಅಳೆದು ಕೊಡುತ್ತದೆ. ಫ್ಲಾಪಿ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಸೆಕೆಂಡಿಗೆ ಐದು. ಒಂದೇ ಟ್ರ್ಯಾಕನ್ನು ಹಲವು ಸುತ್ತು ಓದಿಸಬಹುದು. ಪ್ರತಿ ಸೆಕ್ಟರ್ ಜೊತೆಗೆ 16 ಬಿಟ್‌ನ ಒಂದು ತಾಳೆ ಸಂಖ್ಯೆ ಇರುತ್ತದೆ. ಯಾವುದೋ ಒಂದು ಸುತ್ತಿನಲ್ಲಿ ಆ ತಾಳೆ ಸರಿಹೋದರೆ ಸೆಕ್ಟರ್ ನಮ್ಮದು.

ಒಂದು ಫ್ಲಾಪಿಯ ಕಥೆ ಬರೆಯಲೇಬೇಕು. 2003ರ ದೀಪಾವಳಿ ಸಂಚಿಕೆಯದು. ಇಮೇಜ್ ಬಂತು, ಆದರೆ ತೆರೆಯಲು ಹೋದರೆ ಅರ್ಧ ಫೈಲ್‌ಗಳು ಕಸ. ಮ್ಯಾಪ್ ನೋಡಿದರೆ ಬಾರದೆ ಉಳಿದದ್ದು ಎರಡೇ ಸೆಕ್ಟರ್, 3 ಮತ್ತು 4. ಎರಡು ಸೆಕ್ಟರ್ ಹೋದರೆ ಅಷ್ಟೊಂದು ಹಾಳಾಗುವುದು ಯಾಕೆ? ಆ ಜಾಗದಲ್ಲಿ ಇರುವುದು ಬರಹ ಅಲ್ಲ, ಲೆಕ್ಕದ ಪುಸ್ತಕ. ಡಾಸ್ ಫ್ಲಾಪಿಯಲ್ಲಿ ಫ್ಯಾಟ್12 ಅನ್ನುವ ಕ್ರಮ ಇದೆ. ಸೆಕ್ಟರ್ 0 ಬೂಟ್ ಸೆಕ್ಟರ್. 1ರಿಂದ 9ರವರೆಗೆ ಯಾವ ಫೈಲಿನ ತುಂಡು ಎಲ್ಲೆಲ್ಲಿದೆ ಅನ್ನುವ ಕೋಷ್ಟಕ. 10ರಿಂದ 18ರವರೆಗೆ ಅದೇ ಕೋಷ್ಟಕದ ಎರಡನೇ ಪ್ರತಿ. 19ರಿಂದ 32ರವರೆಗೆ ಫೈಲ್‌ಗಳ ಹೆಸರಿನ ಪಟ್ಟಿ, 224 ಹೆಸರಿಗೆ ಜಾಗ. 33ರಿಂದ ನಿಜವಾದ ಫೈಲ್‌ಗಳು. ಹಾಳಾದದ್ದು ಮೊದಲ ಪ್ರತಿಯ ಎರಡು ಹಾಳೆ. ಎರಡನೇ ಪ್ರತಿಯಲ್ಲಿ ಅವೇ ಹಾಳೆಗಳು ಸೆಕ್ಟರ್ 12 ಮತ್ತು 13ರಲ್ಲಿ ಸುರಕ್ಷಿತವಾಗಿದ್ದವು. ಇಮೇಜಿನ ಒಂದು ನಕಲು ಮಾಡಿಕೊಂಡು, ಆ ನಕಲಿನಲ್ಲಿ 12 ಮತ್ತು 13ನ್ನು 3 ಮತ್ತು 4ರ ಜಾಗಕ್ಕೆ ಹೊಂದಿಸಿದೆ. ಎಲ್ಲ ಫೈಲ್‌ಗಳೂ ತೆರೆದವು. ಆ ಕ್ರಮವನ್ನು ಮಾಡಿದವರು ಕೋಷ್ಟಕವನ್ನು ಎರಡೆರಡು ಸಲ ಬರೆದದ್ದು ಇಂಥ ದಿನಕ್ಕೇ ಅಲ್ವಾ. ನನಗಂತೂ ಬಹಳ ಖುಷಿಯಾಯಿತು.

ಸಿಡಿ ಮತ್ತು ಹಾರ್ಡ್ ಡಿಸ್ಕ್

ಸಿಡಿಗಳಲ್ಲಿ ಬೇರೆ ತರದ ತೊಂದರೆ. ಮನೆಯಲ್ಲಿ ಬರೆಯುವ ಸಿಡಿ-ಆರ್‌ನಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ. ಅದರ ಹಿಂದೆ ತೆಳುವಾದ ಲೋಹದ ಪದರ, ಅದರ ಮೇಲೆ ಮೆರುಗೆಣ್ಣೆ, ಅಷ್ಟೇ. ನಾವೆಲ್ಲ ಹೊಳೆಯುವ ಬದಿಗೆ ಗೀಚು ಬೀಳದಂತೆ ನೋಡಿಕೊಳ್ಳುತ್ತೇವೆ. ಹೆಸರು ಬರೆಯುವ ಬದಿಯೇ ನಿಜವಾಗಿ ಸೂಕ್ಷ್ಮ. ಅಲ್ಲಿ ಅಂಟಿಸಿದ ಕಾಗದದ ಲೇಬಲ್ ಕೀಳಲು ಹೋದರೆ ಲೋಹದ ಪದರವೂ ಕಿತ್ತು ಬರುತ್ತದೆ. ಲೇಬಲ್ ಅರ್ಧ ಎದ್ದಿದ್ದರೂ ಹಾಗೇ ಬಿಡಿ.

ಸಿಡಿಯ ಪ್ರತಿ ಸೆಕ್ಟರ್‌ನಲ್ಲಿ 2352 ಬೈಟ್ ಇದ್ದರೂ ನಮಗೆ ಸಿಗುವುದು 2048. ಮಿಕ್ಕಿದ್ದರಲ್ಲಿ 276 ಬೈಟ್ ತಪ್ಪು ತಿದ್ದಲಿಕ್ಕೇ ಇದೆ. ಅದಕ್ಕೇ ಸಣ್ಣಪುಟ್ಟ ಗೀಚನ್ನು ಸಿಡಿ ತಾನೇ ಸರಿಮಾಡಿಕೊಳ್ಳುತ್ತದೆ. ಇಲ್ಲೂ ಡಿಡಿರೆಸ್ಕ್ಯೂ, ಇಲ್ಲೂ ಎರಡು ಬೇರೆ ಡ್ರೈವ್. ಸೆಕ್ಟರ್ ಅಳತೆ 2048 ಅಂತ ಹೇಳಿಕೊಡುವುದನ್ನು ಮರೆಯಬಾರದು.

ಕೆಲವು ಸಿಡಿಗಳನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಬರೆದಿದ್ದರು. ಅಂಥ ಸಿಡಿಯಲ್ಲಿ ಪ್ರತಿ ಸಲ ಬರೆದದ್ದು ಒಂದು ಸೆಷನ್. ಕಂಪ್ಯೂಟರ್ ಸಾಮಾನ್ಯವಾಗಿ ಕೊನೆಯ ಸೆಷನ್‌ನ ಪಟ್ಟಿಯನ್ನೇ ತೋರಿಸುತ್ತದೆ. ಹಿಂದಿನದನ್ನು ಅದಕ್ಕೆ ಜೋಡಿಸದೆ ಬರೆದಿದ್ದರೆ ಹಳೆಯ ಫೈಲ್‌ಗಳು ಕಣ್ಣಿಗೆ ಬೀಳುವುದಿಲ್ಲ, ಆದರೆ ಇರುತ್ತವೆ. ಒಂದು ಸಿಡಿ ಹೀಗೆ ಖಾಲಿಯಂತೆ ಕಂಡು, ಒಳಗೆ ನಾಲ್ಕು ತಿಂಗಳ ಸಂಚಿಕೆ ಇಟ್ಟುಕೊಂಡಿತ್ತು. ಹೆಸರುಗಳಲ್ಲೂ ಎರಡು ಪದರ. ಐಎಸ್‌ಒ 9660 ಅನ್ನುವ 1988ರ ಮಾನಕದ ಮೊದಲ ಮಟ್ಟದಲ್ಲಿ ಫೈಲ್ ಹೆಸರಿಗೆ ಎಂಟು ಅಕ್ಷರ, ಚುಕ್ಕೆಯ ನಂತರದ ಬಾಲಕ್ಕೆ ಮೂರು. ಅದರ ಜೊತೆಗೆ ಮೈಕ್ರೋಸಾಫ್ಟ್‌ನವರ ಜೋಲಿಯೆಟ್ ಅನ್ನುವ ಪದರದಲ್ಲಿ 64 ಅಕ್ಷರದವರೆಗಿನ ಉದ್ದ ಹೆಸರು. ಎರಡನ್ನೂ ಬರೆದಿಟ್ಟುಕೊಂಡೆ. ಯಾವ ಲೇಖನ ಯಾರದು ಅನ್ನುವ ಸುಳಿವು ಎಷ್ಟೋ ಸಲ ಆ ಉದ್ದ ಹೆಸರಿನಲ್ಲೇ ಇರುತ್ತದೆ.

ಹಾರ್ಡ್ ಡಿಸ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 20 ಜಿಬಿಯದು, ಪ್ರತ್ಯೇಕ 12 ವೋಲ್ಟ್ ಪವರ್ ಇರುವ ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿದ ಕೂಡಲೇ ತಿರುಗಿತು. ಇಮೇಜ್ ಇಡುವ ಡಿಸ್ಕ್ ಮಾತ್ರ ಫ್ಯಾಟ್32 ಅನ್ನುವ ಕ್ರಮದ್ದಾಗಿರಬಾರದು, ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಈ ಡಿಸ್ಕ್‌ನಿಂದ ಸಿಕ್ಕಿದ ಬಹು ದೊಡ್ಡ ಲಾಭ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್. ಪತ್ರಿಕೆಗೆ ಬಳಸಿದ ಎಲ್ಲ ಕನ್ನಡ ಫಾಂಟ್‌ಗಳೂ ಅಲ್ಲಿದ್ದವು. ಫಾಂಟ್ ಇಲ್ಲದೆ ಮುಂದಿನ ಕೆಲಸ ಆಗುತ್ತಲೇ ಇರಲಿಲ್ಲ.

ಬೈಟ್‌ಗಳು ಬಂದವು, ಕನ್ನಡ ಎಲ್ಲಿ?

ಈಗ ಎರಡನೇ ಕೆಲಸ. ಬಾಲ ನೋಡಿ ಫೈಲ್ ಯಾವುದು ಅಂತ ನಂಬಬಾರದು. ಹೆಚ್ಚಿನ ಫಾರ್ಮ್ಯಾಟ್‌ಗಳು ತಮ್ಮ ಗುರುತನ್ನು ಮೊದಲ ಕೆಲವು ಬೈಟ್‌ಗಳಲ್ಲಿ ಇಟ್ಟಿರುತ್ತವೆ. ಪಿಡಿಎಫ್ ಶೇಕಡಾ ಚಿಹ್ನೆಯ ಮುಂದೆ ತನ್ನ ಹೆಸರನ್ನೇ ಬರೆದುಕೊಂಡಿರುತ್ತದೆ. ಜಿಪ್ ಫೈಲಿನ ತಲೆಯಲ್ಲಿ ಪಿಕೆ ಅಂತ ಇರುತ್ತದೆ, ಅದನ್ನು ಮಾಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಟಿಫ್ ಚಿತ್ರ ಐಐ ಅಥವಾ ಎಂಎಂ ಅಂತ ಶುರುವಾಗುತ್ತದೆ. ಇಂಟೆಲ್ ಕ್ರಮದಲ್ಲಿ ಬೈಟ್ ಜೋಡಿಸಿದ್ದಾರೋ ಮೊಟೊರೊಲಾ ಕ್ರಮದಲ್ಲೋ ಅನ್ನುವುದು ಅದರಿಂದ ತಿಳಿಯುತ್ತದೆ, ಆಮೇಲೆ 42 ಅನ್ನುವ ಸಂಖ್ಯೆ. ಲಿನಕ್ಸ್‌ನ ಫೈಲ್ ಅನ್ನುವ ಆಜ್ಞೆ ಇದನ್ನೆಲ್ಲ ತಾನೇ ನೋಡಿ ಹೇಳುತ್ತದೆ. ಹೀಗೆ ವಿಂಗಡಿಸಿದಾಗ ಲೇಖನಗಳ ವರ್ಡ್ ಫೈಲ್, ಫೋಟೋಗಳ ಟಿಫ್, ಮತ್ತು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನ ಫೈಲ್ ಬೇರೆ ಬೇರೆಯಾದವು. ತಿದ್ದಿದ ಅಂತಿಮ ಪಾಠ ಇರುವುದು ಪೇಜ್‌ಮೇಕರ್‌ನಲ್ಲಿ. ವರ್ಡ್‌ನಲ್ಲಿರುವುದು ಕರಡು ತಿದ್ದುವ ಮುಂಚಿನದು. ಆದ್ದರಿಂದ ಪೇಜ್‌ಮೇಕರನ್ನೇ ಹಿಡಿದೆ.

ಪೇಜ್‌ಮೇಕರ್ 1985ರಲ್ಲಿ ಆಲ್ಡಸ್ ಕಂಪನಿ ತಂದದ್ದು. 1994ರಲ್ಲಿ ಅಡೋಬಿಗೆ ಸೇರಿತು. 2001ರ 7ನೇ ಆವೃತ್ತಿಯೇ ಕೊನೆಯದು. ಫಾರ್ಮ್ಯಾಟ್ ಕಂಪನಿಯ ಸ್ವಂತದ್ದು, ಹೊರಗಿನವರಿಗೆ ಅದರ ವಿವರ ಕೊಟ್ಟಿರಲಿಲ್ಲ. ಲಿಬ್ರೆಆಫೀಸ್ ಈ ಫೈಲ್‌ಗಳನ್ನು ಒಂದು ಮಟ್ಟಿಗೆ ತೆರೆಯುತ್ತದೆ, ಏನಿದೆ ಅಂತ ಇಣುಕಿ ನೋಡಲು ಸಾಕು. ಪುಟದ ಜೋಡಣೆ ಹಾಗೇ ಬರಬೇಕಾದರೆ ಮೂಲ ತಂತ್ರಾಂಶವೇ ಬೇಕು. ಪ್ರೆಸ್ಸಿನವರು ದುಡ್ಡು ಕೊಟ್ಟು ಕೊಂಡಿದ್ದ ಪೇಜ್‌ಮೇಕರ್ ಸಿಡಿ ಪೆಟ್ಟಿಗೆಯಲ್ಲೇ ಇತ್ತು. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿ, ಇಂಟರ್ನೆಟ್ ಸಂಪರ್ಕ ಪೂರ್ತಿ ತೆಗೆದು, ಆ ಸಿಡಿಯಿಂದ ಪೇಜ್‌ಮೇಕರ್, ಹಳೆ ಡಿಸ್ಕ್‌ನಿಂದ ಫಾಂಟ್‌ಗಳನ್ನು ಹಾಕಿದೆ. ಪುಟ ತೆರೆಯಿತು. ಕನ್ನಡ ಅಚ್ಚುಕಟ್ಟಾಗಿ ಕಾಣಿಸಿತು. ಅದೇ ಪಾಠವನ್ನು ಕಾಪಿ ಮಾಡಿ ಇವತ್ತಿನ ಕಂಪ್ಯೂಟರಿನಲ್ಲಿ ಇಟ್ಟರೆ ಬರೀ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆಯ ಮೇಲೆ ಗೀಟಿರುವ ಎ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಆ ಫೈಲ್ ಹಾಳಾಗಿಲ್ಲ. ಅದರಲ್ಲಿ ಕನ್ನಡದ ಅಕ್ಷರಗಳನ್ನು ಇಟ್ಟೇ ಇಲ್ಲ, ಅಕ್ಷರದ ಚೂರುಗಳನ್ನು ಇಟ್ಟಿದ್ದಾರೆ. ಅಚ್ಚುಮೊಳೆ ಜೋಡಿಸುವವರು ಒಂದು ಗೂಡಿನಿಂದ ಅಕ್ಷರ, ಇನ್ನೊಂದರಿಂದ ಒತ್ತು ತೆಗೆದು ಇಡುತ್ತಿದ್ದರಲ್ಲ, ಅದೇ ಕ್ರಮ. ಒಂದು ಬೈಟ್‌ನಲ್ಲಿ 256 ಬೆಲೆಗಳಿಗಷ್ಟೇ ಜಾಗ. ಅದರಲ್ಲಿ ಕನ್ನಡದ ಎಲ್ಲ ಗುಣಿತ ಹಿಡಿಸುವುದಿಲ್ಲ. ಹಾಗಾಗಿ ಪತ್ರಿಕೆಗೆ ಬಳಸಿದ್ದ ನುಡಿ ಅನ್ನುವ ಕನ್ನಡ ತಂತ್ರಾಂಶದ ಫಾಂಟ್‌ನಲ್ಲಿ ಅಕ್ಷರದ ದೇಹಕ್ಕೆ ಒಂದು ಸಂಖ್ಯೆ, ತಲೆಕಟ್ಟಿಗೆ ಒಂದು, ಕೊಂಬಿಗೆ ಒಂದು, ಪ್ರತಿ ಒತ್ತಿಗೂ ಒಂದು.

'ಕನ್ನಡ' ಅನ್ನುವ ಪದವನ್ನೇ ತೆಗೆದುಕೊಳ್ಳಿ. ನುಡಿಯಲ್ಲಿ ಅದು ಏಳು ಬೈಟ್: 80, 192, 163, 192, 223, 113, 192. ಮೂರು ಸಲ ಬಂದಿರುವ 192 ತಲೆಕಟ್ಟು. 80 ಕ ದೇಹ, 163 ನ ದೇಹ, 113 ಡ ದೇಹ, 223 ನ ಒತ್ತು. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುವ ಮಾನಕವಾದ ಯೂನಿಕೋಡ್‌ನಲ್ಲಿ ಅದೇ ಪದ ಐದು ಸಂಕೇತ: ಕ, ನ, ವಿರಾಮ (್), ನ, ಡ. ಅಲ್ಲಿ ತಲೆಕಟ್ಟಿಗೆ ಸಂಖ್ಯೆಯೇ ಇಲ್ಲ, ಯಾಕೆಂದರೆ ತಲೆಕಟ್ಟು ಬರೆಯುವ ರೀತಿ, ಅದು ಅಕ್ಷರ ಅಲ್ಲ. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಈ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಒಟ್ಟು ಹದಿನೈದು. ಜಾಗ ಜಾಸ್ತಿ ಹೋಯಿತು ನಿಜ. ಆದರೆ ಈಗ ಆ ಹದಿನೈದು ಬೈಟ್ ಯಾವ ಫಾಂಟ್ ಇದ್ದರೂ, ಇಲ್ಲದಿದ್ದರೂ 'ಕನ್ನಡ'ವೇ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. ಹಾಗಿದ್ದರೂ 2002ರ ಪ್ರೆಸ್ಸಿನಲ್ಲಿ ಅದನ್ನು ಯಾಕೆ ಬಳಸಲಿಲ್ಲ? ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಜೋಡಿಸಲು ಬರುತ್ತಿರಲಿಲ್ಲ. ಪತ್ರಿಕೆ ತಿಂಗಳಿಗೆ ಸರಿಯಾಗಿ ಹೊರಬರಬೇಕಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ಅವರಿಗೆ ಆ ದಿನ ಕೆಲಸ ಮಾಡಿಕೊಟ್ಟಿತು. ಅವರು ಮಾಡಿದ್ದು ಸರಿ.

ಪರಿವರ್ತಕ

ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಒಂದು ಪುಟಕ್ಕೆ ಅವು ಸಾಕು. ನಾನು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನನ್ನದೇ ಬರೆದುಕೊಂಡೆ. ಕಾರಣ ಇಂಗ್ಲಿಷ್. ಲೇಖನದ ನಡುವೆ ಫೋನ್ ನಂಬರ್, ಇಂಗ್ಲಿಷ್ ಹೆಸರು, ವಿಳಾಸ ಬರುತ್ತವೆ. ಬರೀ ಪಠ್ಯವಾಗಿ ಹೊರತೆಗೆದರೆ ಯಾವುದು ಇಂಗ್ಲಿಷಿನ ಪಿ, ಯಾವುದು ಕನ್ನಡದ ಕ ಅಂತ ಗೊತ್ತಾಗುವುದಿಲ್ಲ, ಎರಡೂ 80. ವ್ಯತ್ಯಾಸ ಇರುವುದು ಫಾಂಟ್ ಹೆಸರಿನಲ್ಲಿ ಮಾತ್ರ. ಹಾಗಾಗಿ ಪೇಜ್‌ಮೇಕರ್‌ನಿಂದ ಒಂದೊಂದು ಲೇಖನವನ್ನೂ ಆರ್‌ಟಿಎಫ್ ಆಗಿ ಹೊರತೆಗೆದೆ. ಆರ್‌ಟಿಎಫ್‌ನ ತಲೆಯಲ್ಲಿ ಫಾಂಟ್‌ಗಳ ಪಟ್ಟಿ ಇರುತ್ತದೆ, ಒಳಗೆ ಪ್ರತಿ ತುಂಡಿಗೂ ಯಾವ ಫಾಂಟ್ ಅನ್ನುವ ಗುರುತು ಇರುತ್ತದೆ. ನುಡಿ ಫಾಂಟ್‌ನಲ್ಲಿರುವ ತುಂಡುಗಳನ್ನಷ್ಟೇ ಬದಲಿಸು, ಮಿಕ್ಕಿದ್ದನ್ನು ಮುಟ್ಟಬೇಡ ಅಂತ ಬರೆದೆ. ಬೈಟ್‌ಗಳನ್ನು ವಿಂಡೋಸ್-1252 ಅನ್ನುವ ಸಂಕೇತ ಪಟ್ಟಿಯ ಪ್ರಕಾರವೇ ಓದಬೇಕು. ಅದನ್ನೇ ಹೋಲುವ ಲ್ಯಾಟಿನ್-1 ಪಟ್ಟಿಯ ಪ್ರಕಾರ ಓದಿದರೆ 145ರಿಂದ 148ರವರೆಗಿನ ಉದ್ಧರಣ ಚಿಹ್ನೆಗಳು ಮಾಯವಾಗುತ್ತವೆ.

ಬದಲಿಸುವುದರಲ್ಲಿ ಮೂರು ಗಂಟುಗಳಿವೆ.

ಮೊದಲನೆಯದು ಮ. ನುಡಿಯಲ್ಲಿ ವ ಅಂದರೆ 170, 192. ಮ ಅಂದರೆ ಅದಕ್ಕೇ ಕೊಂಬಿನ 196 ಸೇರಿಸಿದ್ದು. ಕಣ್ಣಿಗೆ ನೋಡಿದರೆ ನಿಜ, ಮ ಅಂದರೆ ವ ಪಕ್ಕದಲ್ಲಿ ಒಂದು ಕೊಂಬು. ಯ ಕೂಡ ಹೀಗೇ ನಾಲ್ಕು ಚೂರು, ಅದರಲ್ಲಿ ಮೊದಲ ಚೂರಿಗೆ ಅನುಸ್ವಾರದ ಸೊನ್ನೆಯದೇ ಸಂಖ್ಯೆ. ಹಾಗಾಗಿ ನುಡಿ ಸಂಖ್ಯೆಗೆ ಯೂನಿಕೋಡ್ ಸಂಕೇತ ಹೊಂದಿಸುವ ಕೋಷ್ಟಕದಲ್ಲಿ ಉದ್ದ ಜೋಡಿಯನ್ನು ಮೊದಲು ಹುಡುಕಬೇಕು, ಸಿಗದಿದ್ದರೆ ಚಿಕ್ಕದಕ್ಕೆ ಬರಬೇಕು. ಇಲ್ಲದಿದ್ದರೆ 'ಮನೆ' ಹೋಗಿ 'ವುನೆ' ಆಗುತ್ತದೆ.

ಎರಡನೆಯದು ಒತ್ತು. 'ಶಕ್ತಿ'ಯಲ್ಲಿ ನುಡಿ ಮೊದಲು ಕಿ ಬರೆಯುತ್ತದೆ, 81. ಆಮೇಲೆ ತ ಒತ್ತು, 219. ನಾವು ಕೈಯಲ್ಲಿ ಬರೆಯುವುದೂ ಹಾಗೇ. ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ: ಕ, ವಿರಾಮ, ತ, ಆಮೇಲೆ ಗುಡಿಸು. ಆದ್ದರಿಂದ ಒತ್ತು ಕಂಡ ಕೂಡಲೇ ಅದನ್ನು ಹಿಂದಿನ ಸ್ವರಚಿಹ್ನೆಯಿಂದ ಹಿಂದಕ್ಕೆ ದಾಟಿಸಬೇಕು. ಅರ್ಕಾವತ್ತು ಇದಕ್ಕಿಂತ ದೂರ ಹೋಗಬೇಕು. 'ಸೂರ್ಯ'ದಲ್ಲಿ ನುಡಿ ಸೂ, ಯ ಬರೆದು ಕೊನೆಗೆ 240 ಇಡುತ್ತದೆ. ಯೂನಿಕೋಡ್‌ನಲ್ಲಿ ರ ಮತ್ತು ವಿರಾಮ ಯಕಾರಕ್ಕಿಂತ ಮುಂಚೆ ಬರಬೇಕು. ಅಂದರೆ ಇಡೀ ಅಕ್ಷರಗುಚ್ಛದ ಶುರು ಎಲ್ಲಿ ಅಂತ ಹುಡುಕಿ ಅದರ ಮುಂದೆ ಇಡಬೇಕು, ನಡುವೆ ಬೇರೆ ಒತ್ತುಗಳಿದ್ದರೂ.

ಮೂರನೆಯದು ಕಣ್ಣಿಗೆ ಕಾಣದ್ದು, ನನಗೆ ಇದೇ ಮುಖ್ಯ ಅನ್ನಿಸುತ್ತದೆ. 'ಕೋ' ನುಡಿಯಲ್ಲಿ ಕೆ ಆದಮೇಲೆ ಎರಡು ಚೂರು. ಅದನ್ನು ಚೂರಿಗೆ ಚೂರು ಬದಲಿಸಿದರೆ ೆ, ೂ, ೕ ಅಂತ ಮೂರು ಚಿಹ್ನೆಗಳು ಬರುತ್ತವೆ. ತೆರೆಯ ಮೇಲೆ ಅದು ಸರಿಯಾಗಿಯೇ ಕಾಣಬಹುದು. ಆದರೆ ನಾವು ಕೀಬೋರ್ಡಿನಲ್ಲಿ ಒತ್ತುವ ಓ ಚಿಹ್ನೆ ಒಂದೇ ಸಂಕೇತ, 3275. ಬೈಟ್ ಲೆಕ್ಕದಲ್ಲಿ ಎರಡೂ ಬೇರೆ. ಲೇಖನದಲ್ಲಿ 'ಕೋಲಾರ' ಇದ್ದರೂ ಹುಡುಕಿದರೆ ಸಿಗದೇ ಹೋಗಬಹುದು. ಇದಕ್ಕೆ ಪರಿಹಾರ ಯೂನಿಕೋಡ್ ಮಾನಕದಲ್ಲೇ ಇದೆ. ಎನ್‌ಎಫ್‌ಸಿ ಅನ್ನುವ ಏಕರೂಪಕ್ಕೆ ತಂದರೆ ಆ ಮೂರು ಚಿಹ್ನೆ ಕೂಡಿ ಒಂದೇ ಆಗುತ್ತದೆ. ೀ ಮತ್ತು ೇಗಳಿಗೂ ಇದೇ ನಿಯಮ. ಪೈಥಾನ್‌ನಲ್ಲಿ ಇದು ಒಂದೇ ಸಾಲಿನ ಕೆಲಸ. ಯಾರೇ ಹಳೆ ಕನ್ನಡ ಫೈಲ್ ಬದಲಿಸಿದರೂ ಈ ಒಂದು ಸಾಲನ್ನು ಬಿಡಬೇಡಿ.

ಬದಲಾದ ಪಾಠ ಸರಿಯಿದೆಯೇ ಅಂತ ನೋಡಲು ಒಂದು ಸಣ್ಣ ಪರೀಕ್ಷೆ ಬರೆದೆ. ಕನ್ನಡ ತುಂಡುಗಳಲ್ಲಿ ಇನ್ನೂ ಲ್ಯಾಟಿನ್ ಅಕ್ಷರ ಉಳಿದಿದ್ದರೆ ತೋರಿಸು. ಪದದ ಶುರುವಿನಲ್ಲಿ ಸ್ವರಚಿಹ್ನೆ ಇದ್ದರೆ ತೋರಿಸು. ಒಂದರ ಹಿಂದೆ ಒಂದು ಎರಡು ಸ್ವರಚಿಹ್ನೆ ಇದ್ದರೆ ತೋರಿಸು. ಕೋಷ್ಟಕದಲ್ಲಿ ಬಿಟ್ಟುಹೋದ ಜೋಡಿಗಳೆಲ್ಲ ಇದರಲ್ಲೇ ಸಿಕ್ಕಿಬಿದ್ದವು. ಅದರ ನಂತರ ಮನುಷ್ಯರ ಕಣ್ಣು. ಆ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದ ಅಕ್ಕ ಈಗ ಗಿರಿನಗರದಲ್ಲಿದ್ದಾರೆ. ಪುಟದ ಚಿತ್ರ ಒಂದು ಕಡೆ, ಯೂನಿಕೋಡ್ ಪಾಠ ಇನ್ನೊಂದು ಕಡೆ ಇಟ್ಟು ಅವರೇ ಓದಿಕೊಟ್ಟರು. 'ಬಾಡಿ ಎಲ್ಲ ನುಡಿ ಕಣಪ್ಪ, ಹೆಡ್ಡಿಂಗ್ ಮಾತ್ರ ಶ್ರೀಲಿಪಿ. ಅದರ ನಂಬರ್ ಬೇರೆ' ಅಂತ ಮೊದಲೇ ಎಚ್ಚರಿಸಿದ್ದೂ ಅವರೇ. ನುಡಿ ಮತ್ತು 'ಬರಹ' ಅನ್ನುವ ಇನ್ನೊಂದು ಕನ್ನಡ ತಂತ್ರಾಂಶದ ಹಳೆ ಫಾಂಟ್‌ಗಳ ಸಂಕೇತ ಹೆಚ್ಚು ಕಡಿಮೆ ಒಂದೇ. ಶ್ರೀಲಿಪಿ ಅನ್ನುವ ಮತ್ತೊಂದು ತಂತ್ರಾಂಶದ್ದು ಪೂರ್ತಿ ಬೇರೆ. ತಲೆಬರಹಗಳಿಗೋಸ್ಕರ ಇನ್ನೊಂದು ಕೋಷ್ಟಕ ಮಾಡುವ ಬದಲು ನಾವಿಬ್ಬರೂ ಕೂತು ಅವನ್ನು ಕೈಯಲ್ಲೇ ಟೈಪ್ ಮಾಡಿದೆವು. ಅದೇ ಬೇಗ ಆಯಿತು.

ಇಟ್ಟಿರುವ ರೀತಿ

ಪ್ರತಿ ಸಂಚಿಕೆಗೂ ಮೂರು ರೂಪ ಇಟ್ಟೆ. ಫ್ಲಾಪಿ ಅಥವಾ ಸಿಡಿಯ ಇಮೇಜ್, ಅದರ ಮ್ಯಾಪ್ ಜೊತೆಗೆ, ಯಾವ ಬದಲಾವಣೆಯೂ ಇಲ್ಲದೆ. ಫ್ಯಾಟ್ ಕೋಷ್ಟಕ ಸರಿಮಾಡಿದ ನಕಲು ಬೇರೆ ಹೆಸರಿನಲ್ಲಿದೆ. ಎರಡನೆಯದು ಪುಟದ ರೂಪಕ್ಕೆ ಪಿಡಿಎಫ್/ಎ. ಪೇಜ್‌ಮೇಕರ್‌ನಿಂದ ಮುದ್ರಣಕ್ಕೆ ಕಳಿಸುವ ಪೋಸ್ಟ್‌ಸ್ಕ್ರಿಪ್ಟ್ ಫೈಲ್ ತೆಗೆದು, ಅದನ್ನು ಗೋಸ್ಟ್‌ಸ್ಕ್ರಿಪ್ಟ್ ಅನ್ನುವ ತಂತ್ರಾಂಶದಿಂದ ಪಿಡಿಎಫ್/ಎ ಮಾಡಿದೆ. ಇದು ಐಎಸ್‌ಒ 19005, ದೀರ್ಘಕಾಲ ಇಡುವುದಕ್ಕೆಂದೇ 2005ರಲ್ಲಿ ಬಂದ ಮಾನಕ. ಫಾಂಟ್ ಫೈಲಿನ ಒಳಗೇ ಇರಲೇಬೇಕು ಅನ್ನುವ ನಿಯಮ ಇದರಲ್ಲಿದೆ, ನಮ್ಮ ನುಡಿ ಪುಟಗಳಿಗೆ ಅದೇ ಜೀವಾಳ. ವೆರಾಪಿಡಿಎಫ್ ಅನ್ನುವ ಮುಕ್ತ ತಂತ್ರಾಂಶದಿಂದ ಒಂದೊಂದನ್ನೂ ಪರೀಕ್ಷಿಸಿದೆ. ಇದರಿಂದ ಕಾಪಿ ಮಾಡಿದರೆ ಈಗಲೂ ಗೀಟಿನ ಎಗಳೇ ಬರುತ್ತವೆ. ಅದಕ್ಕೇ ಮೂರನೆಯದು, ಯುಟಿಎಫ್-8 ಸಾದಾ ಪಠ್ಯ ಮತ್ತು ಲಿಬ್ರೆಆಫೀಸ್‌ನಲ್ಲಿ ತೆರೆಯುವ ಒಂದು ಓಡಿಟಿ ಪ್ರತಿ. ಓಡಿಟಿ ಸೇರುವ ಓಡಿಎಫ್ ಕೂಡ 2006ರಿಂದ ಐಎಸ್‌ಒ ಮಾನಕ.

ಎಲ್ಲವನ್ನೂ ಬ್ಯಾಗ್‌ಇಟ್ ಕ್ರಮದಲ್ಲಿ ಕಟ್ಟಿದೆ. ಲೈಬ್ರರಿ ಆಫ್ ಕಾಂಗ್ರೆಸ್ ಮುಂತಾದವರು ರೂಪಿಸಿದ ಈ ಕ್ರಮ ಬಹಳ ಸರಳ. ಒಂದು ಫೋಲ್ಡರ್, ಅದರೊಳಗೆ ಫೈಲ್‌ಗಳು, ಪಕ್ಕದಲ್ಲಿ ಪ್ರತಿ ಫೈಲಿನ ಶಾ-256 ಅನ್ನುವ ತಾಳೆ ಸಂಖ್ಯೆಯ ಪಟ್ಟಿ. ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ಪಟ್ಟಿ ಸಾದಾ ಪಠ್ಯ, ಯಾವ ವಿಶೇಷ ತಂತ್ರಾಂಶವೂ ಇಲ್ಲದೆ ಓದಬಹುದು. ಮೂರು ಪ್ರತಿ ಮಾಡಿದ್ದೇನೆ: ಯಜಮಾನರ ಮಗಳ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್, ನನ್ನ ಹತ್ತಿರ ಒಂದು, ಕ್ಲೌಡ್‌ನಲ್ಲಿ ಒಂದು. ವರ್ಷಕ್ಕೊಮ್ಮೆ ಪಟ್ಟಿ ತಾಳೆ ನೋಡುವುದು ಅಂತ ಒಪ್ಪಿಕೊಂಡಿದ್ದೇವೆ.

ಬಾಕಿ ಇರುವುದು ಇಷ್ಟು. ಎರಡು ಫ್ಲಾಪಿಗಳಲ್ಲಿ ಫ್ಯಾಟ್ ಕೋಷ್ಟಕದ ಎರಡೂ ಪ್ರತಿ ಹೋಗಿವೆ. ಅವುಗಳ ಕಾಂತೀಯ ಓದನ್ನು ಹಾಗೇ ಇಟ್ಟಿದ್ದೇನೆ. ಇಮೇಜಿನ ಉದ್ದಕ್ಕೂ ಫೈಲ್ ತಲೆಯ ಗುರುತುಗಳನ್ನು ಹುಡುಕಿ ತುಂಡುಗಳನ್ನು ಕೂಡಿಸಬೇಕು. ಚಿಕ್ಕ ಫೈಲ್‌ಗಳು ಒಂದೇ ಕಡೆ ಇರುವ ಸಾಧ್ಯತೆ ಹೆಚ್ಚು, ಅವು ಬರುತ್ತವೆ ಅನ್ನುವ ನಂಬಿಕೆ ಇದೆ. ಒಂದು ಸಿಡಿಯಲ್ಲಿ ಹೊರ ಅಂಚಿನ ಲೋಹ ಎದ್ದಿದೆ, ಅದನ್ನು ಸದ್ಯಕ್ಕೆ ಡ್ರೈವ್‌ಗೆ ಹಾಕುವುದಿಲ್ಲ. ಇನ್ನು, ಹಾರ್ಡ್ ಡಿಸ್ಕ್‌ನ ಒಂದು ಮೂಲೆಯಲ್ಲಿ 2002ಕ್ಕಿಂತ ಹಿಂದಿನ ಕೆಲವು ಪುಸ್ತಕಗಳ ಫೈಲ್‌ಗಳು ಸಿಕ್ಕಿವೆ, ಪೂರ್ತಿ ಶ್ರೀಲಿಪಿಯಲ್ಲಿ. ಅವಕ್ಕೆ ಮಾತ್ರ ಕೋಷ್ಟಕ ಮಾಡಲೇಬೇಕು. ಆ ಫಾಂಟ್‌ನ ಅಕ್ಷರಗಳ ಅಚ್ಚಾದ ಕೀಬೋರ್ಡ್ ಚಾರ್ಟ್ ಹಳೆ ಡಿಟಿಪಿ ಸೆಂಟರ್‌ಗಳ ಗೋಡೆಯ ಮೇಲೆ ಇರುತ್ತಿತ್ತು. ಯಾರ ಹತ್ತಿರವಾದರೂ ಇದ್ದರೆ ಒಂದು ಫೋಟೋ ತೆಗೆದು ಕಳಿಸಿ. ಅವಿನ್ಯೂ ರಸ್ತೆ, ಬಳೆಪೇಟೆ, ಚಾಮರಾಜಪೇಟೆ, ಎಲ್ಲಿದ್ದರೂ ನಾನೇ ಬಂದು ನೋಡಲೂ ಸಿದ್ಧ.